ಅಪ್ಪನ ಹೆಸರಿನಲ್ಲಿ ಅಚ್ಚಾದ ಮೇಷ್ಟ್ರು

ಚೆನ್ನೈನ ಮಾಧವರಂನಿಂದ ಬಸ್ಸು, ಆಮೇಲೆ ರೈಲು, ಗಿಂಡಿಯಲ್ಲಿ ಇಳಿದು ಬೆವರು ಒರೆಸಿಕೊಂಡು ನಾನು ನನ್ನ ಮೇಜಿಗೆ ಬಂದು ಕೂತ ಸ್ವಲ್ಪ ಹೊತ್ತಿನಲ್ಲೇ ಏನಾದರೊಂದು ತಮಾಷೆ ನಡೆಯದಿದ್ದರೆ, ಅವತ್ತು ವಿಶ್ವವಿದ್ಯಾಲಯಕ್ಕೆ ರಜಾ ಎಂದೇ ಲೆಕ್ಕ. ನನ್ನ ಮೇಜು ಗ್ರಂಥಾಲಯದ ಒಂದು ಮೂಲೆಯಲ್ಲಿದೆ. ಮೇಲೆ ‘ಸಂಶೋಧಕರಿಗೆ ನೆರವು’ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬೋರ್ಡು. ಅಧ್ಯಾಪಕರು ಬರೆದ ಲೇಖನ ಯಾವ ಪತ್ರಿಕೆಗೆ ಕಳಿಸಬಹುದು, ಯಾವುದು ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಕಳ್ಳ ಪತ್ರಿಕೆ, ಅವರ ವೆಬ್‌ಸೈಟಿನೊಳಗೆ ನುಗ್ಗುವುದು ಹೇಗೆ, ಇವೆಲ್ಲ ಹೇಳಿಕೊಡುವುದು ನನ್ನ ಕೆಲಸ. ಮೈಸೂರಿನಲ್ಲಿರುವ ನನ್ನ ಅತ್ತೆ ಮಾತ್ರ ನಾನು ಪುಸ್ತಕಕ್ಕೆ ಮುದ್ರೆ ಒತ್ತುತ್ತೇನೆ ಎಂದೇ ಇವತ್ತಿಗೂ ನೆಂಟರಿಗೆಲ್ಲ ಹೇಳುತ್ತಾರೆ.

ಇಲ್ಲಿ ಹೇಳುವುದೆಲ್ಲ ನಕ್ಕ ಪ್ರಸಂಗಗಳೇ. ಆದರೆ ಈಚೆಗೆ ಇವನ್ನು ನೆನೆದರೆ ನಗುವಿನ ಹಿಂದೆಯೇ ಬೇಜಾರೂ ಬಂದು ಕೂರುತ್ತದೆ. ಯಾಕೆಂದರೆ ಹೆಚ್ಚಿನವು ಒಬ್ಬರೇ ಮೇಷ್ಟ್ರಿಗೆ ಸೇರಿದವು, ಅವರು ಈಗಿಲ್ಲ.

ತಿಥಿಗೆ ಬಂದಾಗ ಕೇಳ್ತೀನಿ

ಮೇಷ್ಟ್ರು ಸಸ್ಯಶಾಸ್ತ್ರದ ಪ್ರೊಫೆಸರು. ಅಜ್ಜನ ಕಾಲಕ್ಕೇ ಮದರಾಸಿಗೆ ಬಂದ ಮಾಧ್ವ ಕುಟುಂಬ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಎರಡೂ ಬೆರೆತದ್ದು ಅವರ ಬಾಯಲ್ಲಿ; ‘ದಾನ್’, ‘ದಾನೆ’ ಎಂದರೆ ನಮ್ಮ ‘ತಾನೇ’. ನಾನು ಕನ್ನಡದವಳು ಎಂದು ಗೊತ್ತಾದ ದಿನದಿಂದ ಅವರಿಗೆ ನನ್ನ ಮೇಜಿನ ಮೇಲೆ ವಿಶೇಷ ಹಕ್ಕು ಬಂದುಬಿಟ್ಟಿತ್ತು.

ಒಂದು ದಿನ ಬಂದು ಕುರ್ಚಿ ಎಳೆದುಕೊಂಡು ಕೂತರು. “ಏನಮ್ಮಾ, ನಾನು ಇಷ್ಟ್ ವರ್ಷ ಏನೂ ಮಾಡ್ಲೇ ಇಲ್ವಂತೆ. ಕಂಪ್ಯೂಟರ್ ಹೇಳ್ತಿದೆ. ಮನೇಲೂ ಅದೇ ಹೇಳ್ತಾರೆ, ಅದ್ ಬೇರೆ ವಿಷಯ.”

ಆಗಷ್ಟೇ ನಮ್ಮಲ್ಲಿ ಯಾರು ಎಷ್ಟು ಲೇಖನ ಬರೆದಿದ್ದಾರೆ ಎಂದು ಕಂಪ್ಯೂಟರಿನಿಂದ ತೆಗೆಸುವ ಪದ್ಧತಿ ಶುರುವಾಗಿತ್ತು. ಮೇಷ್ಟ್ರ ಹೆಸರಿನ ಮುಂದೆ ಸೊನ್ನೆ. ಹುಡುಕಿದಾಗ ವಿಷಯ ತಿಳಿಯಿತು. ಮೇಷ್ಟ್ರ ಹೆಸರು ಜಿ. ವಾದಿರಾಜನ್. ಇಲ್ಲಿಯವರಿಗೆ ಮನೆತನದ ಹೆಸರೆಂಬುದಿಲ್ಲ, ಮುಂದೊಂದು ಇನಿಷಿಯಲ್, ಅದು ಅಪ್ಪನದು, ಮದುವೆಯಾದ ಹೆಂಗಸರಿಗೆ ಗಂಡನದು. ‘ಜಿ’ ಅಂದರೆ ಗುಂಡಾಚಾರ್. ಪರದೇಶದ ಪತ್ರಿಕೆಗಳಿಗೆ ಮನೆತನದ ಹೆಸರು ಇಲ್ಲದೆ ಆಗುವುದಿಲ್ಲ. ಮೇಷ್ಟ್ರು ವಯಸ್ಸಿನಲ್ಲಿದ್ದಾಗ ಮೊದಲ ಲೇಖನಕ್ಕೆ ಆ ಜಾಗದಲ್ಲಿ ಇನಿಷಿಯಲ್ಲನ್ನೇ ಬಿಡಿಸಿ ಬರೆದಿದ್ದಾರೆ. ಅಲ್ಲಿಂದ ಈಚೆಗೆ ಅವರು ಬರೆದದ್ದೆಲ್ಲ ಗುಂಡಾಚಾರ್ ಅವರ ಖಾತೆಗೆ.

“ನಮ್ಮಪ್ಪ ತ್ರಿಪ್ಲಿಕೇನ್ ಮೆಸ್ಸಲ್ಲಿ ಅಡಿಗೆ ಮಾಡ್ಕೊಂಡಿದ್ದೋರಮ್ಮಾ. ಈಗ ಸಸ್ಯಶಾಸ್ತ್ರಜ್ಞರಾಗಿಬಿಟ್ರು,” ಎಂದರು ಮೇಷ್ಟ್ರು. “ತಪ್ಪೇನೂ ಇಲ್ಲ ಬಿಡು. ಜೀವನ ಪೂರ್ತಿ ತರಕಾರಿ ಹೆಚ್ಚಿದ್ದು ಅವ್ರು ದಾನೆ.”

ನಾನು ಈ ಲೇಖನಗಳ ಪಟ್ಟಿ ಇಡುವ ಪರದೇಶದ ಕಚೇರಿಗೆ ಬರೆದೆ. ಈ ಲೇಖನಗಳೆಲ್ಲ ಮಗನವು, ತಂದೆಯವಲ್ಲ, ದಯವಿಟ್ಟು ಬದಲಾಯಿಸಿ ಎಂದೆ. ಅವರು ಬಹಳ ಮರ್ಯಾದೆಯಿಂದ ಉತ್ತರಿಸಿದರು: ಡಾಕ್ಟರ್ ಗುಂಡಾಚಾರ್ ಅವರು ತಮ್ಮ ಲೇಖನಗಳನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಒಪ್ಪಿದ್ದಾರೆಂದು ಅವರಿಂದಲೇ ಬರೆಸಿ ಕಳಿಸಿ.

ನಾನು ತಲೆ ಚಚ್ಚಿಕೊಂಡೆ. ಮೇಷ್ಟ್ರು ಮಾತ್ರ ಶಾಂತವಾಗಿ ಎದ್ದರು. “ಸೆರಿ, ಅವಸರ ಪಡಬೇಡ. ಮುಂದಿನ ತಿಂಗ್ಳು ತಿಥಿ ಬರ್ತಿದೆ. ಬಂದಾಗ ಕೇಳಿಬಿಡ್ತೀನಿ.”

ಟೇಪಿನ ಆ ಕಡೆ ತುದಿ

ಬೆಳಿಗ್ಗೆ ಎದ್ದು ಗಂಡ ಹೆಂಡತಿ ಸಮುದ್ರದ ಕಡೆ ವಾಕಿಂಗ್ ಹೋಗುವುದು ತ್ರಿಪ್ಲಿಕೇನಿನಲ್ಲಿ ದೊಡ್ಡ ವಿಷಯವಲ್ಲ. ನಮ್ಮ ಮೇಷ್ಟ್ರು ಮತ್ತು ಅವರ ಹೆಂಡತಿ ಅಳತೆಯ ಟೇಪ್ ಹಿಡಿದುಕೊಂಡು ಹೋಗುತ್ತಿದ್ದರು. ದಂಡೆಯ ಮರಳಿನ ಮೇಲೆ ಅಡುಂಬು ಎಂಬ ಬಳ್ಳಿ ಹಬ್ಬುತ್ತದೆ, ನೇರಳೆ ಬಣ್ಣದ ಹೂವು. ಅದು ಎಷ್ಟು ದೂರ ಹಬ್ಬಿತು, ಗಾಳಿಗೆ ಹಾರುವ ಮರಳನ್ನು ಎಷ್ಟು ಹಿಡಿದು ನಿಲ್ಲಿಸಿತು, ಇದು ಮೇಷ್ಟ್ರ ವಿಷಯ. ಟೇಪಿನ ಈ ತುದಿ ಅವರ ಕೈಯಲ್ಲಿ, ಆ ತುದಿ ಹೆಂಡತಿಯ ಕೈಯಲ್ಲಿ. ಮದುವೆಯ ಹೊಸದರಲ್ಲಿ ಶುರುವಾದ ಈ ಅಳತೆ ಮೇಷ್ಟ್ರ ನಿವೃತ್ತಿ ಹತ್ತಿರ ಬಂದರೂ ನಿಂತಿರಲಿಲ್ಲ.

“ಇದೊಂದು ಬರ್ಬೇಕಮ್ಮಾ,” ಎಂದರು ಮೇಷ್ಟ್ರು ಒಂದು ದಿನ. “ಬೇರೆ ಎಲ್ಲಾ ಅಪ್ಪನ ಹೆಸರಲ್ಲಿ ಹೋಯ್ತು, ಹೋಗ್ಲಿ. ಇದ್ರಲ್ಲಿ ಅವಳ ಹೆಸರಿರ್ಬೇಕು. ಕೊನೇಲಿ ಸಣ್ಣಕ್ಷರದಲ್ಲಿ ಥ್ಯಾಂಕ್ಸ್ ಹೇಳೋದಲ್ಲ. ಮೇಲೆ, ನನ್ ಪಕ್ಕದಲ್ಲಿ. ಅಷ್ಟ್ ಮಾಡಿಕೊಡು.”

ಈ ಸಲವಾದರೂ ನಿಮ್ಮ ಹೆಸರನ್ನು ಸರಿಯಾಗಿ ಹಾಕೋಣವೇ ಎಂದು ಕೇಳಿದೆ. ಬೇಡವೆಂದರು. ಈಗ ಬದಲಾಯಿಸಿದರೆ ಹಳೆಯದು ಒಬ್ಬರದು, ಹೊಸದು ಇನ್ನೊಬ್ಬರದು ಆಗುತ್ತದೆ, ಇದೂ ಅಪ್ಪನಿಗೇ ಇರಲಿ ಎಂದರು.

ಸುದ್ದಿ ವಿಭಾಗದ ಮುಖ್ಯಸ್ಥರಿಗೆ ಮುಟ್ಟಿತು. ಆ ವಿಭಾಗದಿಂದ ಯಾವ ಲೇಖನ ಹೊರಟರೂ ಮುಖ್ಯಸ್ಥರ ಹೆಸರು ಅದಕ್ಕೆ ಹತ್ತಿಕೊಂಡೇ ಹೋಗಬೇಕೆಂಬುದು ಅಲ್ಲಿಯ ರೂಢಿ. ಹೆಂಡತಿಯ ಹೆಸರು ಹಾಕಿ ನನ್ನ ಹೆಸರು ಬಿಟ್ಟರೆ ನಾಲ್ಕು ಜನ ಏನೆಂದುಕೊಳ್ಳುತ್ತಾರೆ ಎಂದು ಅವರ ತಕರಾರು. ಮೇಷ್ಟ್ರು ಕೈ ಮುಗಿದು, ಬೆಳಿಗ್ಗೆ ಐದೂವರೆಗೆ ಟೇಪ್ ಹಿಡಿಯಲು ಬನ್ನಿ ಸಾರ್, ಖಂಡಿತ ಹಾಕುತ್ತೇನೆ ಎಂದರು. ಮುಖ್ಯಸ್ಥರು ಒಂದು ದಿನ ಬಂದರಂತೆ. ಬಂದವರು ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತ ನಿಂತಿದ್ದಾಗ ಒಂದು ಅಲೆ ಬಂದು ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಯಿತು. ಆಮೇಲೆ ಅವರಾಗಿಯೇ, ಹೆಂಡತಿಯ ಹೆಸರು ಒಂದಿದ್ದರೆ ಸಾಕು ಎಂದುಬಿಟ್ಟರು.

ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಬಂದರು. ಒಂಬತ್ತು ಗಜದ ಸೀರೆ, ಕೈಯಲ್ಲಿ ನೀರಿನ ಬಾಟಲಿ. ನಾನು ಅವರನ್ನು ಇಲ್ಲಿಯ ವಾಡಿಕೆಯಂತೆ ಮಾಮಿ ಎಂದೇ ಕರೆದೆ. ಹೆಸರು ಕುಸುಮಾ. ಅವರ ಮೊಬೈಲಿನಲ್ಲಿ ಮೇಲ್ ಐಡಿ ಮಾಡಿಕೊಟ್ಟೆ. ವೆಬ್‌ಸೈಟು ಮನೆತನದ ಹೆಸರು ಕೇಳಿತು.

“ಇನಿಷಿಯಲ್ ಏನು ಮಾಮಿ?”

“ವಿ.”

“ವಿ ಅಂದ್ರೆ?”

ಮಾಮಿ ಬಾಯಿ ಬಿಡಲಿಲ್ಲ. ಗಂಡನ ಕಡೆ ಕಣ್ಣು ತೋರಿಸಿದರು. “ಇವ್ರು ದಾನೆ.”

“ಹೆಸರು ಹೇಳಿ ಮಾಮಿ, ಟೈಪ್ ಮಾಡ್ತೀನಿ.”

“ಗೊತ್ತಿರೋದನ್ನ ಯಾಕಮ್ಮಾ ಕೇಳ್ತಿ?”

ಮೇಷ್ಟ್ರು ನಕ್ಕರು. “ಅವಳು ಹೇಳೋಲ್ಲ. ಮದುವೆ ಆಗಿ ಮನೆಗೆ ಬಂದ ದಿವಸ ನಮ್ಮಕ್ಕಂದಿರು ಹೊಸಿಲಲ್ಲಿ ಅಡ್ಡ ನಿಂತು, ಗಂಡನ ಹೆಸರು ಹೇಳಿದ್ರೆ ದಾನೆ ಒಳಗೆ ಬಿಡೋದು ಅಂದ್ರು. ಇವಳು ಹೇಳ್ಲೇ ಇಲ್ಲ, ಹೊಸಿಲಲ್ಲೇ ನಿಂತ್ಬಿಟ್ಳು. ಕೊನೇಗೆ ಅವ್ರಿಗೇ ಕಾಲು ನೋವು ಬಂದು ದಾರಿ ಬಿಟ್ರು.”

ನಾನೇ ಟೈಪ್ ಮಾಡಿದೆ. ಮುಂದಿನ ಪ್ರಶ್ನೆ, ಎರಡನೆಯ ಲೇಖಕರ ಕೊಡುಗೆ ಏನು? ಇದಕ್ಕೆ ನಾವಾಗಿ ಬರೆಯುವಂತಿಲ್ಲ, ಅವರು ಕೊಟ್ಟದ್ದರಲ್ಲೇ ಆರಿಸಬೇಕು. ಯೋಜನೆ, ವಿಶ್ಲೇಷಣೆ, ಬರವಣಿಗೆ, ಮೇಲ್ವಿಚಾರಣೆ, ಹೀಗೆ ಒಂದೊಂದಾಗಿ ಓದಿ ಹೇಳಿದೆ.

“ಟೇಪ್ ಹಿಡಿಯೋದು ಇಲ್ವಾ ಅದ್ರಲ್ಲಿ?” ಎಂದರು ಮಾಮಿ.

“ಇಲ್ಲ ಮಾಮಿ.”

“ಹಂಗಾದ್ರೆ ಮೇಲ್ವಿಚಾರಣೆ ಅಂತ ಹಾಕು. ಇವ್ರು ಹಲ್ಲುಜ್ಜಿದ್ರಾ ಅನ್ನೋದ್ರಿಂದ ಹಿಡಿದು ಎಲ್ಲಾ ನಾನ್ ದಾನೆ ನೋಡ್ಕೊಳ್ಳೋದು.”

ಶುಕ್ರವಾರ ಹನ್ನೆರಡರ ಮೇಲೆ

ಲೇಖನ ಕಳಿಸುವ ದಿನ ಇಬ್ಬರೂ ಮಡಿಯಾಗಿ, ಮೇಷ್ಟ್ರು ಹಣೆಗೆ ಅಕ್ಷತೆ ಇಟ್ಟುಕೊಂಡು ಬಂದರು. ಶುಕ್ರವಾರ. ಎಲ್ಲ ತುಂಬಿಸಿ, ಕಡೆಯ ಗುಂಡಿ ಒತ್ತುವುದೊಂದು ಬಾಕಿ. ಮಾಮಿ ಗೋಡೆಯ ಗಡಿಯಾರ ನೋಡಿ ಹೌಹಾರಿದರು. ಹತ್ತೂವರೆ ಆಗಿಹೋಗಿತ್ತು, ರಾಹುಕಾಲ ಹನ್ನೆರಡರವರೆಗೆ. ಕಾಯೋಣ ಎಂದರು.

ಕಾದೆವು. ಮೇಷ್ಟ್ರು ಮೌಸಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. ಹನ್ನೆರಡು ಹೊಡೆದದ್ದೇ ಒತ್ತಿದರು. ನೀವು ಬಹಳ ಹೊತ್ತಿನಿಂದ ಸುಮ್ಮನಿದ್ದೀರಿ, ಆದ್ದರಿಂದ ಹೊರಗೆ ಹಾಕಿದ್ದೇವೆ, ಮೊದಲಿನಿಂದ ತುಂಬಿಸಿ ಎಂದು ಪರದೆಯ ಮೇಲೆ ಬಂತು.

ಮೊದಲಿನಿಂದ ತುಂಬಿಸಿದೆವು. ಚಿತ್ರಗಳು ಒಂದೊಂದಾಗಿ ಏರಬೇಕು, ನಮ್ಮ ನೆಟ್ಟೋ, ಸಿಗ್ನಲ್ಲಿನಲ್ಲಿ ನಿಂತ ಲಾರಿ. ಮುಗಿಯುವ ಹೊತ್ತಿಗೆ ಮೂರು ಗಂಟೆ, ಯಮಗಂಡ ಶುರು. ಈ ಸಲ ನಾನೇ ನಾಲ್ಕೂವರೆಯವರೆಗೆ ಆಗಾಗ ಮೌಸ್ ಅಲ್ಲಾಡಿಸುತ್ತ ಪರದೆಯನ್ನು ಎಚ್ಚರವಾಗಿಟ್ಟೆ. ಮಗುವನ್ನು ತೊಟ್ಟಿಲಲ್ಲಿ ತೂಗಿದ ಹಾಗಿತ್ತು. ಕಡೆಗೂ ಒಳ್ಳೆಯ ಗಳಿಗೆಯಲ್ಲಿ ಲೇಖನ ಹೋಯಿತು. ಮಾಮಿ ಕಂಪ್ಯೂಟರಿಗೆ ಮಂತ್ರಾಕ್ಷತೆ ಹಾಕಿದರು. ಎರಡು ಕಾಳು ಕೀಬೋರ್ಡಿನೊಳಗೆ ಸೇರಿ, ಒಂದು ಕೀಲಿ ಇವತ್ತಿಗೂ ಸರಿಯಾಗಿ ಒತ್ತಿಕೊಳ್ಳುವುದಿಲ್ಲ.

ಅವರಿಬ್ಬರೂ ಚಪ್ಪಲಿ ಹಾಕಿಕೊಳ್ಳುತ್ತಿರುವಾಗಲೇ ಉತ್ತರ ಬಂತು. ನಿಮ್ಮ ವಿಷಯ ನಮ್ಮ ಪತ್ರಿಕೆಗೆ ಹೊಂದುವುದಿಲ್ಲ, ವಂದನೆಗಳು. ಹೇಗಪ್ಪಾ ಹೇಳುವುದು ಎಂದು ನನಗೆ ಸಂಕಟವಾಯಿತು. ಹೇಳಿದೆ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. “ನೋಡಿದ್ಯಾ, ಒಳ್ಳೇ ಟೈಮಲ್ಲಿ ಕಳಿಸಿದ್ದಕ್ಕೆ ಎಷ್ಟ್ ಬೇಗ ಕೆಲಸ ಆಯ್ತು! ರಾಹುಕಾಲದಲ್ಲಿ ಕಳಿಸಿದ್ರೆ, ಬೇಡ ಅನ್ನೋದಕ್ಕೇ ಆರ್ ತಿಂಗ್ಳು ತಗೊಂಡಿರ್ತಿದ್ರು.”

ಹಲ್ಲಿನ ಸಂಪಾದಕರು

ನಡುವೆ ನಮ್ಮ ಗ್ರಂಥಾಲಯದ ಸಾಹೇಬರದೊಂದು ಹೇಳಿಬಿಡುತ್ತೇನೆ. ಕಳ್ಳ ಪತ್ರಿಕೆಗಳ ಮೇಲ್ ಹೇಗಿರುತ್ತದೆಂದು ತಿಳಿಯದವರಿಗೆ ಇದು ಬೇಕು. ‘ಮಾನ್ಯ ಪ್ರೊಫೆಸರರೇ, ತಮ್ಮ ಅಮೋಘ ಸಂಶೋಧನೆಯನ್ನು ಓದಿ ಬೆರಗಾದೆವು’ ಎಂದು ಶುರುವಾಗುತ್ತದೆ. ಓದಿರುವುದಿಲ್ಲ. ಎಲ್ಲೋ ಒಂದು ಹೆಸರು ಸಿಕ್ಕಿದರೆ ಸಾಕು, ಆ ಹೆಸರಿಗೆ ಒಂದು ಹೊಗಳಿಕೆ.

ಇಂಥವನ್ನು ನಂಬಬೇಡಿ ಎಂದು ಅಧ್ಯಾಪಕರಿಗೆಲ್ಲ ಭಾಷಣ ಮಾಡುತ್ತಿದ್ದವರು ನಮ್ಮ ಸಾಹೇಬರು. ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು, ತಮ್ಮನ್ನು ಒಂದು ಪತ್ರಿಕೆಯ ಸಂಪಾದಕ ಮಂಡಳಿಗೆ ಸೇರಿಸಿಕೊಂಡಿದ್ದಾರೆ ಎಂದು ಮೆಲ್ಲಗೆ ಹೇಳಿದರು. ನೋಡಿದರೆ ದಂತವೈದ್ಯದ ಪತ್ರಿಕೆ. ಸಾರ್, ಇದು ಆ ಥರದ್ದೇ ಎಂದೆ. ಅವರ ಮುಖ ಇಳಿಯಿತು. ಇದು ನಿನ್ನೆಯೇ ಗೊತ್ತಾಗಬೇಕಿತ್ತು ಎಂದರು. ಯಾಕೆ ಸಾರ್ ಎಂದು ಕೇಳಿದೆ. ಬೆಳಿಗ್ಗೆ ಹಲ್ಲು ತೋರಿಸಲು ಹೋಗಿದ್ದರಂತೆ. ಡಾಕ್ಟರಿಗೆ, ನಿಮ್ಮ ವಿಧಾನ ಹಳೆಯದಾಯಿತು ಎಂದು ಹೇಳಿ ಬಂದಿದ್ದರು.

ಗುಂಡಾಚಾರ್ ಅವರನ್ನು ಓದಿಕೊಂಡು ಬನ್ನಿ

ಮೇಷ್ಟ್ರ ಲೇಖನವನ್ನು ಇನ್ನೊಂದು ಪತ್ರಿಕೆಗೆ ಕಳಿಸಿದೆವು. ಮಾಮಿ ಈ ಸಲ ಗಡಿಯಾರ ನೋಡಲಿಲ್ಲ. ಬಹಳ ತಿಂಗಳು ಏನೂ ಬರಲಿಲ್ಲ. ಮೇಷ್ಟ್ರು ದಿನಾ ಬಂದು, ನನ್ನ ಮುಖ ನೋಡಿ, ಕೇಳದೆಯೇ ಹೋಗುತ್ತಿದ್ದರು. ನಿವೃತ್ತಿಯ ದಿನ ಹತ್ತಿರವಾಗುತ್ತಿತ್ತು.

ಕೊನೆಗೆ ತಜ್ಞರ ಅಭಿಪ್ರಾಯ ಬಂತು. ಲೇಖನವನ್ನು ಪರೀಕ್ಷಿಸುವ ತಜ್ಞರಿಗೆ ಬರೆದವರು ಯಾರೆಂದು ಹೇಳುವುದಿಲ್ಲ, ತಜ್ಞರು ಯಾರೆಂದು ನಮಗೂ ಹೇಳುವುದಿಲ್ಲ. ಮೇಷ್ಟ್ರನ್ನೂ ಮಾಮಿಯನ್ನೂ ಕೂರಿಸಿಕೊಂಡು ನಾನು ಗಟ್ಟಿಯಾಗಿ ಓದಿದೆ. ಲೇಖಕರಿಗೆ ಈ ಬಳ್ಳಿಯ ಬಗ್ಗೆ ಉತ್ಸಾಹವೇನೋ ಇದೆ, ಆದರೆ ಈ ವಿಷಯದಲ್ಲಿ ಮೊದಲು ಕೆಲಸ ಮಾಡಿದ ಗುಂಡಾಚಾರ್ ಅವರನ್ನು ಸರಿಯಾಗಿ ಓದಿಕೊಂಡಂತೆ ಕಾಣುವುದಿಲ್ಲ, ಓದಿಕೊಂಡು ಬರಲಿ.

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೂ ಕನ್ನಡಕ ಒರೆಸುತ್ತಲೇ ಇದ್ದರು. “ನಮ್ಮಪ್ಪ ಇದ್ದಾಗ ಒಂದ್ ದಿವಸಾನೂ ಓದು ಅಂತ ಹೇಳ್ದೋರಲ್ಲ. ಈಗ ಹೇಳಿ ಕಳಿಸಿದಾರೆ,” ಎಂದರು.

ಎರಡನೆಯ ಅಭಿಪ್ರಾಯ ಮಾಮಿಗೆ ಸೇರಿದ್ದು. ಟೇಪಿನ ದೂರದ ತುದಿ ಅಲುಗಾಡಿ ಅಳತೆ ತಪ್ಪಿರುವ ಸಾಧ್ಯತೆಯನ್ನು ಲೇಖಕರು ಚರ್ಚಿಸಿಲ್ಲ ಎಂದು ಬರೆದಿತ್ತು. ಅರ್ಥ ಹೇಳಿದ್ದೇ ತಡ, ಮಾಮಿ ಎದ್ದು ನಿಂತರು.

“ಯಾರವ್ನು? ಎಲ್ಲಿದಾನೆ? ಬರೀಯಮ್ಮಾ, ನಾನ್ ಹೇಳ್ತೀನಿ. ಇವ್ರ ತುದಿ ಅಲ್ಲಾಡಿರ್ಬೋದು. ಇವ್ರು ಹೂವು ನೋಡ್ತಾ, ಹಕ್ಕಿ ನೋಡ್ತಾ ನಿಂತಿರ್ತಾರೆ. ನನ್ ತುದಿ ಒಂದ್ ದಿವಸಾನೂ ಅಲ್ಲಾಡಿಲ್ಲ ಅಂತ ಬರಿ.”

ಅದನ್ನು ನಾನು ಶಾಸ್ತ್ರೀಯ ಭಾಷೆಯಲ್ಲಿ, ಅಲುಗಾಟವೇನಾದರೂ ಇದ್ದರೆ ಅದು ಮೊದಲನೆಯ ಲೇಖಕರ ಕಡೆಯದು ಎಂದು ಬರೆದು ಕಳಿಸಿದೆ. ತಜ್ಞರು ಒಪ್ಪಿಕೊಂಡರು.

ಬೀಳ್ಕೊಡುಗೆ

ಪತ್ರಿಕೆಯವರು ಲೇಖನ ಸ್ವೀಕರಿಸಿದ ಸುದ್ದಿ ಬರುವುದರೊಳಗೆ ಮೇಷ್ಟ್ರು ನಿವೃತ್ತರಾದರು. ಶಾಲು, ಹಾರ, ಭಾಷಣ ಎಲ್ಲ ಆಯಿತು. ವಿಭಾಗದ ಮುಖ್ಯಸ್ಥರು ಕಂಪ್ಯೂಟರಿನಿಂದ ತೆಗೆಸಿದ ಹಾಳೆ ನೋಡಿಕೊಂಡು, ಡಾಕ್ಟರ್ ಗುಂಡಾಚಾರ್ ಅವರ ಸೇವೆಯನ್ನು ಈ ಸಂಸ್ಥೆ ಎಂದೂ ಮರೆಯುವುದಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಎದ್ದು, ನಮ್ಮ ತಂದೆಯವರ ಪರವಾಗಿ ವಂದನೆ ಎಂದರು.

ಸಂಜೆಯೇ ಅವರ ಮೇಲ್ ಐಡಿ ಮುಚ್ಚಿದರು, ನಿಯಮ ಹಾಗೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಪತ್ರಿಕೆಗಳನ್ನು ಓದುವ ಹಕ್ಕೂ ಅವತ್ತಿಗೇ ಮುಗಿಯಿತು. ಇಡೀ ಆಯಸ್ಸು ಬರೆದವರಿಗೆ ತಾವು ಬರೆದದ್ದನ್ನೇ ತೆರೆದು ಓದಲು ಬಾರದು. ಇಂಥ ನಿಯಮಗಳ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಬೋರ್ಡಿನ ಮೇಲೆ ‘ನೆರವು’ ಎಂದು ಬರೆದುಕೊಂಡು ಕೂತವಳಿಗೆ ಆ ಒಂದು ಬಾಗಿಲು ತೆರೆಸಲು ಆಗಲಿಲ್ಲವಲ್ಲ ಎಂದು ಬೇಜಾರಾಗುತ್ತದೆ.

ಸ್ವೀಕರಿಸಿದ್ದೇವೆ ಎಂಬ ಮೇಲ್ ಹೀಗಾಗಿ ಮಾಮಿಯ ಮೊಬೈಲಿಗೆ ಮಾತ್ರ ಬಂತು. ಆಗ ಮೇಷ್ಟ್ರು ಆಸ್ಪತ್ರೆಯಲ್ಲಿದ್ದರು, ಹೃದಯದ ತೊಂದರೆ. ನಾನು ನೋಡಲು ಹೋದಾಗ ಮಾಮಿ ಮೊಬೈಲು ಕೊಟ್ಟು ಓದಿಸಿದರು. ಮೇಷ್ಟ್ರು ಕೇಳಿದ್ದು ಒಂದೇ ಮಾತು. “ಅವಳ ಹೆಸರಿದ್ಯಾ?”

“ಇದೆ ಸಾರ್. ಮೇಲೆ, ನಿಮ್ಮ ಪಕ್ಕದಲ್ಲೇ.”

“ಸೆರಿ,” ಎಂದರು. “ಅಚ್ಚಾದ್ಮೇಲೆ ಒಂದ್ ಪ್ರತಿ ತೆಗೆದುಕೊಡು.”

ಅಚ್ಚಾಗುವುದು ತಡವಾಯಿತು. ಅಷ್ಟರಲ್ಲಿ ಮೇಷ್ಟ್ರು ಹೋಗಿಬಿಟ್ಟರು. ಒಂದೆರಡು ವಾರ ಮೊದಲು ಬಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಯಾರು ಬಂದಿದ್ದಾರೆ?

ಮಾಸಿಕ ಶ್ರಾದ್ಧಗಳೆಲ್ಲ ಕಳೆದು ಕೆಲವು ತಿಂಗಳಾದ ಮೇಲೆ ಮಾಮಿ ಒಬ್ಬರೇ ಬಂದರು. ನಮ್ಮ ಹಳೆಯ ಸಾಹೇಬರು ಅಷ್ಟರಲ್ಲಿ ವರ್ಗವಾಗಿ ಹೋಗಿ, ಹೊಸಬರು ಬಂದಿದ್ದರು. ಲೇಖನದ ಪ್ರತಿ ನಾನು ತೆಗೆದಿಟ್ಟಿದ್ದೆ. ಮಾಮಿ ಎರಡು ಕೈಯಲ್ಲೂ ಹಿಡಿದುಕೊಂಡು, ಹೆಸರಿನ ಸಾಲನ್ನು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರವಾಗಿ ನೋಡಿದರು. ಗುಂಡಾಚಾರ್ ವಿ., ವಾದಿರಾಜನ್ ಕೆ. ಆ ಪತ್ರಿಕೆಯ ಕ್ರಮ ಹಾಗೆ, ಮನೆತನದ ಹೆಸರು ಪೂರ್ತಿ, ಸ್ವಂತದ್ದು ಒಂದೇ ಅಕ್ಷರ.

“ಮಾವನೋರು ಇದಾರೆ,” ಎಂದರು. “ಇವ್ರೂ ಇದಾರೆ. ನಾನೆಲ್ಲಮ್ಮಾ?”

“ಆ ‘ಕೆ’ ನೀವೇ ಮಾಮಿ.”

ಅವಳ ಹೆಸರು ಪಕ್ಕದಲ್ಲಿರಬೇಕು ಎಂದು ಮೇಷ್ಟ್ರು ಅಷ್ಟು ಆಸೆಪಟ್ಟದ್ದು, ಆದದ್ದು ಇದು. ಹೆಂಡತಿ ಒಂದಕ್ಷರವಾದರು. ಯಾವ ಲೇಖನದಲ್ಲೂ ಪೂರ್ತಿ ಬಾರದಿದ್ದ ಮೇಷ್ಟ್ರ ಹೆಸರು ಹೆಂಡತಿಯ ಜಾಗದಲ್ಲಿ ಮೊದಲ ಸಲ ಪೂರ್ತಿಯಾಗಿ ಅಚ್ಚಾಗಿತ್ತು. ಅದನ್ನು ನೋಡಲು ಅವರಿಲ್ಲ.

ಮಾಮಿ ಅಳಲಿಲ್ಲ. ಹಾಳೆ ಮಡಿಸಿ ಚೀಲದಲ್ಲಿಟ್ಟು ಮೊಬೈಲು ತೆಗೆದರು. “ದಿನಾ ಏನೇನೋ ಬರ್ತಿದೆ. ಏನೂಂತ ನೋಡು.”

ನೋಡಿದರೆ, ಪೂರ್ತಿ ಆ ಕಳ್ಳ ಪತ್ರಿಕೆಗಳದ್ದೇ. ಲೇಖನ ಅಚ್ಚಾದದ್ದೇ ತಡ, ಎಲ್ಲರೂ ಮಾಮಿಗೆ ಗಂಟುಬಿದ್ದಿದ್ದರು. ‘ಮಾನ್ಯ ಪ್ರೊಫೆಸರ್ ವಾದಿರಾಜನ್ ಅವರೇ, ತಮ್ಮ ಅಮೋಘ ಸಂಶೋಧನೆ.’ ‘ಮಾನ್ಯ ಪ್ರೊಫೆಸರ್ ವಾದಿರಾಜನ್ ಅವರೇ, ನಮ್ಮ ಸಮ್ಮೇಳನಕ್ಕೆ ತಾವು ಬರಲೇಬೇಕು.’

“ಎಲ್ಲಾ ಮೋಸ ಮಾಮಿ. ಇವರು ಏನೂ ಓದಿರೋದಿಲ್ಲ. ಅಳಿಸಿಬಿಡ್ತೀನಿ,” ಎಂದು ಬೆರಳು ಚಾಚಿದೆ.

ಮಾಮಿ ನನ್ನ ಕೈ ಹಿಡಿದರು. “ಇರ್ಲಿ ಬಿಡಮ್ಮಾ. ಇಷ್ಟ್ ದೊಡ್ಡ ಕಾಲೇಜಲ್ಲಿ ಕಡೇ ದಿವಸದವರೆಗೂ ಇವ್ರನ್ನ ಅಪ್ಪನ ಹೆಸರಲ್ಲೇ ಕರೆದ್ರು. ಸರಿಯಾಗಿ ಕರೀತಿರೋರು ಈ ಮೋಸಗಾರ್ರೊಬ್ರೇ.”

ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ತಾವೇ ಓದತೊಡಗಿದರು. “ಮಾನ್ಯ... ಪ್ರೊಫೆಸರ್...” ಎಂದು ನಿಂತರು. ಹೊಸಿಲಲ್ಲಿ ನಿಂತ ಹಾಗೆಯೇ ನಿಂತರು. ಆಮೇಲೆ ನನ್ನನ್ನು ಕೇಳಿದರು, “ಇದು ಈಗ ನನ್ ಹೆಸರು ದಾನೆ? ಹೇಳ್ಬೋದು ಅಲ್ವಾ?”

“ನಿಮ್ಮದೇ ಮಾಮಿ. ಅಚ್ಚಾಗಿದೆಯಲ್ಲ.”

“ವಾದಿರಾಜನ್,” ಎಂದರು ಮಾಮಿ. ಮೊದಲು ಮೆಲ್ಲಗೆ. ಆಮೇಲೆ ಇನ್ನೊಂದು ಮೇಲ್ ತೆಗೆದು ಸ್ವಲ್ಪ ಗಟ್ಟಿಯಾಗಿ. ಮೂರನೆಯದಕ್ಕೆ ಇಡೀ ಗ್ರಂಥಾಲಯಕ್ಕೆ ಕೇಳುವ ಹಾಗೆ, “ಪ್ರೊಫೆಸರ್ ವಾದಿರಾಜನ್!” ಎಂದರು. ಓದುತ್ತಿದ್ದವರೆಲ್ಲ ತಲೆ ಎತ್ತಿದರು.

ಹೊಸ ಸಾಹೇಬರಿಗೆ ಹಿಂದಿನದೇನೂ ಗೊತ್ತಿಲ್ಲ. ಯಾರೋ ದೊಡ್ಡವರು ಬಂದಿರಬೇಕೆಂದು ಅಂಗಿ ಸರಿಮಾಡಿಕೊಳ್ಳುತ್ತ ಕೋಣೆಯಿಂದ ಓಡಿ ಬಂದು, ಪ್ರೊಫೆಸರ್ ವಾದಿರಾಜನ್ ಯಾರು, ಬಂದಿದ್ದಾರೆಯೇ ಎಂದು ತಮಿಳಿನಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾಮಿ ಒಂಬತ್ತು ಗಜದ ಸೆರಗು ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈ ಎತ್ತಿದರು.

“ನಾನ್ ದಾನ್ ಸಾರ್,” ಎಂದರು. “ಬಂದಿದೀನಿ.”